ಲಿಪೋವ್ ಬ್ಯಾಂಕು ಮತ್ತು ಬಾರ್ಬೊರಾಳ ದಿಂಬು

ದಿಂಬು ಹರಿದದ್ದು ಬ್ಯಾಂಕಿನ ಹಿತ್ತಾಳೆ ಕಟಕಟೆಯ ಮೊನೆಗೆ ಸಿಕ್ಕಿ. ಹರಿದ ಸದ್ದು ಸಣ್ಣದೇ. ಆದರೆ ಮರುಕ್ಷಣ ಹೆಬ್ಬಾತಿನ ಪುಕ್ಕವೆಲ್ಲ ಒಳಗೇ ಹಿಮ ಬಿದ್ದಂತೆ ಹಾರಾಡಿ ಮಸಿಕುಡಿಕೆಯ ಮೇಲೆ ಕೂತಿತು, ಕಾದು ಕೂರುವವರ ಓಕ್ ಬೆಂಚಿನ ಮೇಲೆ ಕೂತಿತು, ಕೊನೆಗೆ ಬ್ಯಾಂಕಿನ ಒಡೆಯ ವೊಂದ್ರಾಚೆಕ್ ಸಾಹೇಬರ ಮೀಸೆಯಲ್ಲೂ ಕೂತಿತು. ಸಾಹೇಬರು ಮೂರು ಸಲ ಸೀನಿದರು.

"ಗರಿಗರಿ ನೋಟು ಅಂದ್ರೆ ಇದೇ ಇರ್ಬೇಕು," ಎಂದ ಸಾಲಿನಲ್ಲಿದ್ದ ಕಮ್ಮಾರ.

ಬಾರ್ಬೊರಾ ನಗಲಿಲ್ಲ. ಐವತ್ತೆರಡರ ಆ ವಿಧವೆ ಮೊಣಕಾಲೂರಿ, ಕಿವಿಯವರೆಗೆ ಕೆಂಪಾಗಿ, ಸಿಕ್ಕಷ್ಟು ಪುಕ್ಕವನ್ನು ಮಡಿಲಿಗೆ ಬಾಚಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಅವಳ ಹಿಂದೆಯೇ ನಿಂತಿದ್ದ ರೊಜಾಲಿಗೆ ಮಾತ್ರ ನಗು ಅರ್ಧಕ್ಕೇ ನಿಂತಿತು. ಬೊಹೀಮಿಯಾದಿಂದ ಬಂದು ಅಯೋವಾದ ಈ ಬಯಲಿನಲ್ಲಿ ನೆಲೆ ನಿಂತ ಲಿಪೋವಿನ ಜನ ದುಡ್ಡಿಡುವುದು ಎರಡೇ ಕಡೆ: ಬ್ಯಾಂಕಿನಲ್ಲಿ, ಇಲ್ಲವೇ ದಿಂಬಿನಲ್ಲಿ. ಬ್ಯಾಂಕಿಗೆ ದಿಂಬು ತಂದವಳು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾಳೆ ಎಂದೇ ಅರ್ಥ. ಆದರೆ ಯಾವುದರಿಂದ ಯಾವುದಕ್ಕೆ? ಹರಿದಾಗ ಬಿದ್ದದ್ದು ಬರೀ ಪುಕ್ಕ, ಒಂದು ಡಾಲರೂ ಬೀಳಲಿಲ್ಲ. ಅಂದರೆ ತುಂಬಿಕೊಂಡು ಹೋಗಲು ಬಂದಿದ್ದಳು. ಸಾಲದ್ದಕ್ಕೆ ಹನ್ನೆರಡು ವರ್ಷದಿಂದ ಸಾಹೇಬರ ಮನೆಯ ಬಟ್ಟೆ ಒಗೆಯುತ್ತಿರುವವಳು ಬಾರ್ಬೊರಾ. ಪ್ರತಿ ಶನಿವಾರ ಕೂಲಿಗಾಗಿ ಬ್ಯಾಂಕಿಗೇ ಬರುತ್ತಿದ್ದಳು. ಗಿರಾಕಿಗಳು ಕರಗುವವರೆಗೆ ಸಾಹೇಬರು ಅವಳನ್ನು ಕಾಯಿಸುತ್ತಿದ್ದರು. ಒಬ್ಬ ಮನುಷ್ಯನ ಅಂಗಿಯ ಕೊರಳುಪಟ್ಟಿ ಉಜ್ಜುವವಳಿಗೆ ಅವನು ಎಷ್ಟು ಬೆವರುತ್ತಿದ್ದಾನೆ ಎಂಬುದು ಪಾದ್ರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ರೊಜಾಲಿ ಕೈಯಲ್ಲಿದ್ದ ಮೊಟ್ಟೆ ಮಾರಿದ ಚಿಲ್ಲರೆಯನ್ನು ಕಟ್ಟದೆ ವಾಪಸು ತಂದಳು. ಅದು ತಂಗಿ ಆನೆಷ್ಕಾಳನ್ನು ಬೊಹೀಮಿಯಾದಿಂದ ಕರೆಸಲು ಹಡಗಿನ ಟಿಕೆಟ್ಟಿಗೆಂದು ನಾಲ್ಕು ವರ್ಷದಿಂದ ಕೂಡಿಡುತ್ತಿದ್ದ ಹಣ. ಇನ್ನೆರಡು ತಿಂಗಳಲ್ಲಿ ಲೆಕ್ಕ ತುಂಬುತ್ತಿತ್ತು. ತಂಗಿಗಾಗಿ ಗರಿಹಾಸಿಗೆಯೂ ಸಿದ್ಧವಾಗುತ್ತಿತ್ತು.

ಅದೇ ಮಧ್ಯಾಹ್ನ ಪುಕ್ಕ ಬಿಡಿಸಲು ರೊಜಾಲಿಯ ಮನೆಯಲ್ಲಿ ಹೆಂಗಸರು ಸೇರಿದರು. ಮೇಜಿನ ಮೇಲೆ ಪುಕ್ಕದ ಗುಡ್ಡೆ. ಜೋರಾಗಿ ನಗುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಎಲ್ಲರೂ ಕೂತು ಕಡ್ಡಿಯಿಂದ ಗರಿ ಸುಲಿಯುತ್ತಿದ್ದರೆ ಬಾರ್ಬೊರಾ ಒಬ್ಬಳೇ ನಿಂತಿದ್ದಳು.

"ಕೂತ್ಕೋ ಬಾರ್ಬೊರಕ್ಕ," ಎಂದಳು ರೊಜಾಲಿ.

"ಬೇಡ ಕಣೇ. ಹಿಂಗೇ ಸರಿ."

"ಎಲ್ಲಿಗಾದ್ರೂ ಹೊರಟಂಗಿದೆ," ಎಂದಳು ಕಟುಕರ ಫ್ರಾಂತಿಷ್ಕಾ, ಕಡ್ಡಿ ಎಸೆಯುತ್ತ. "ಅದಿರ್ಲಿ, ಸಾಹೇಬ್ರ ಮನೇಲಿ ಈ ವಾರ ಏನೇನು ಒಗೆದೆ?"

"ಹಾಸಿಗೆ ಬಟ್ಟೆ."

"ಎಷ್ಟು?"

"ಎಲ್ಲಾನೂ."

ಪುಕ್ಕ ಬಿಡಿಸುವ ಕೈಗಳು ನಿಂತವು. ಯಾರೂ ಉಸಿರು ಬಿಡಲಿಲ್ಲ, ಪುಕ್ಕ ಹಾರುತ್ತದೆಂದಲ್ಲ.

"ಎಲ್ಲಾನೂ ಯಾಕಂತೆ?"

"ಒಗಿ ಅಂದ್ರು, ಒಗೆದೆ. ಕೇಳೋಕೆ ನಾನ್ಯಾರು?"

ಬಾರ್ಬೊರಾ ಮೊದಲಿಂದಲೂ ಹಾಗೆಯೇ. ಊರಿನ ಕಲೆಗಳೆಲ್ಲ ಅವಳ ತೊಟ್ಟಿಗೆ ಬರುತ್ತಿದ್ದವು, ಒಂದೂ ಅವಳ ಬಾಯಿಂದ ಹೊರಬರುತ್ತಿರಲಿಲ್ಲ. ಗಂಡ ಸತ್ತ ವಾರವೂ ಇಸ್ತ್ರಿ ಮಾಡಿದ ಅಂಗಿಗಳನ್ನು ಹೇಳಿದ ದಿನಕ್ಕೆ ತಲುಪಿಸಿದ್ದಳು. ಅಂಥವಳ ಬಾಯಿಂದ 'ಎಲ್ಲಾನೂ' ಬಂದರೆ ಅದು ಸುಮ್ಮನೆ ಬಂದದ್ದಲ್ಲ, ಸಾಹೇಬರು ಗಂಟುಮೂಟೆ ಕಟ್ಟುತ್ತಿದ್ದಾರೆ ಎಂದುಕೊಂಡರು.

ಭಾನುವಾರ ಇಗರ್ಜಿಯಲ್ಲಿ ಪಾದ್ರಿಯ ಉಪದೇಶದ ಉದ್ದಕ್ಕೂ ಬಾರ್ಬೊರಾ ಹಿಂದುಗಡೆ ನಿಂತೇ ಇದ್ದಳು. ಅಷ್ಟು ಸಾಕಾಯಿತು. ಹೊರಗೆ ಬಂದವಳೇ ರೊಜಾಲಿ ಬ್ಯಾಂಕು ಮುಳುಗುತ್ತಿದೆ ಎಂದು ಕಮ್ಮಾರನ ಹೆಂಡತಿಗೆ ಹೇಳಿದಳು, ಅವಳು ಗಿರಣಿಯವನಿಗೆ. ಮನೆ ತಲುಪುವ ಹೊತ್ತಿಗೆ ಸುದ್ದಿ ರೊಜಾಲಿಗೇ ವಾಪಸು ಬಂತು, ಸಾಹೇಬರು ಕೆನಡಾಕ್ಕೆ ಟಿಕೆಟ್ ತೆಗೆಸಿದ್ದಾರೆ ಎಂಬ ಬಾಲ ಸೇರಿಸಿಕೊಂಡು.

"ನಿಂಗೇನು ಹುಚ್ಚಾ?" ಎಂದ ಗಂಡ ಮತ್ಯೆಯ್. "ವೊಂದ್ರಾಚೆಕ್ ಸಾಹೇಬ್ರು ಇಗರ್ಜಿಯಲ್ಲಿ ಹೆಸರಿಡುವಾಗ ನಮ್ಮ ಮಗೂನ ಎತ್ತಿಕೊಂಡ ಜ್ಞಾನತಂದೆ."

"ಹಂಗಾದ್ರೆ ಮಗು ದುಡ್ಡು ಅಲ್ಲೇ ಇರ್ಲಿ. ನನ್ನ ತಂಗೀದು ತರ್ತೀನಿ."

ಆದರೆ ಸೋಮವಾರ ಅವಳಿಗೆ ನಾಚಿಕೆಯಾಯಿತು. ಮಗುವಿನ ಜ್ಞಾನತಂದೆಯ ಮುಖಕ್ಕೆ ನಿನ್ನ ಮೇಲೆ ನಂಬಿಕೆಯಿಲ್ಲ ಎನ್ನುವುದು ಹೇಗೆ? ಹಸು ಕರೆದಳು, ಕೋಳಿಗೆ ಕಾಳು ಹಾಕಿದಳು, ಶಾಲು ಹೊದ್ದಳು, ತೆಗೆದಳು. ಕೊನೆಗೆ ಓಡಿ ಹೋದಾಗ ಸಾಲು ಕಟುಕರ ಅಂಗಡಿಯನ್ನು ದಾಟಿತ್ತು. ಅವಳ ಮುಂದೆ ಹನ್ನೊಂದು ಜನ ಉಳಿದಿರುವಾಗ ಬ್ಯಾಂಕಿನ ಕಿಟಕಿಯ ಪರದೆ ಇಳಿಯಿತು. ಮತ್ತೆ ಏರಲಿಲ್ಲ.

ಬ್ಯಾಂಕು ಮುಳುಗಿದ್ದರ ಮೂಲ ಹುಡುಕಲು ಸರ್ಕಾರದವನೊಬ್ಬ ಬಂದು ಮೂರು ವಾರ ಕೂತ. ಸಾಹೇಬರು ಎಲ್ಲಿಗೂ ಓಡಿರಲಿಲ್ಲ. ಸಾಲವನ್ನು ಮಾತ್ರ ಕೈಬಿಚ್ಚಿ ಕೊಟ್ಟಿದ್ದರು. ಊರಿಗೆ ಊರೇ ಒಟ್ಟಿಗೆ ಬಂದು ಕೇಳದಿದ್ದರೆ ಬೇಸಿಗೆ ಕಳೆಯುವವರೆಗಂತೂ ಬ್ಯಾಂಕು ಉಸಿರಾಡುತ್ತಿತ್ತು ಎಂದು ಹೇಳಿ ಅವನು ರೈಲು ಹತ್ತಿದ. ಆನೆಷ್ಕಾಳ ಟಿಕೆಟ್ ಕೊಳ್ಳಬೇಕಿದ್ದದ್ದು ಏಪ್ರಿಲ್‌ನಲ್ಲಿ.

ಅಂದಿನಿಂದ ಬಾರ್ಬೊರಾಳಿಗೆ ಊರಿನಲ್ಲಿ ಹೊಸ ಮರ್ಯಾದೆ. ಹಂದಿ ಕೊಳ್ಳುವವರು, ಹೆಣ್ಣು ನೋಡಲು ಹೊರಟವರು ಅವಳ ಬೇಲಿಯ ಬಳಿ ನಿಂತು ಅಭಿಪ್ರಾಯ ಕೇಳುತ್ತಿದ್ದರು. "ನಂಗೇನು ಗೊತ್ತು?" ಎನ್ನುತ್ತಿದ್ದಳು. ಎಷ್ಟು ಗುಟ್ಟಿನವಳು ಎಂದು ತಲೆದೂಗುತ್ತ ಹೋಗುತ್ತಿದ್ದರು.

ರೊಜಾಲಿ ಜೂನ್‌ವರೆಗೆ ತಡೆದುಕೊಂಡಳು. ತಂಗಿಯ ಪತ್ರ ಬಂದ ದಿನ, ಬಾರ್ಬೊರಾ ಹಗ್ಗದ ಮೇಲೆ ಅಂಗಿ ಹರವುತ್ತಿದ್ದಲ್ಲಿಗೇ ಹೋದಳು.

"ನೀನು ನಿನ್ನ ದುಡ್ಡು ತಗೊಂಡೆ, ಬಿಡು. ನಂಗೊಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಅಕ್ಕ? ನನ್ನ ತಂಗಿ ಅಲ್ಲೇ ಉಳಿದ್ಳು."

"ಎಲ್ಲೇ ತಗೊಂಡೆ? ನನ್ನ ಗಂಟೂ ಅಲ್ಲೇ ಹೋಯ್ತು."

ರೊಜಾಲಿಯ ಕೈಯಲ್ಲಿ ಪತ್ರ ಮುದುಡಿತು. "ಮತ್ತೆ ಬ್ಯಾಂಕಿಗೆ ದಿಂಬು ತಂದಿದ್ದು ಯಾಕೆ?"

ಬಾರ್ಬೊರಾ ಬೀದಿಯ ಎರಡೂ ಕಡೆ ನೋಡಿದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಮರದ ಕ್ಲಿಪ್ಪು ತೆಗೆದಳು. ಅವತ್ತಿನಂತೆಯೇ ಅವಳ ಕಿವಿ ಕೆಂಪಾಯಿತು.

"ಆ ಬೆಂಚು ತುಂಬಾ ಗಟ್ಟಿ ಕಣೇ. ನಂಗೆ ಮೂಲವ್ಯಾಧಿ."