ದೊರೆ ಕಲ್ಲಿನಿಂದ ಎಳೆದ ಸರಪಳಿ

ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನಂಜನಗೂಡು ತಾಲ್ಲೂಕಿನಲ್ಲಿ ಸರ್ಕಾರಿ ಸರ್ವೆಯರ್ ಆಗಿದ್ದೆ. ನನ್ನ ಅಳತೆಗೆ ಎದುರು ಮಾತಿಲ್ಲ ಎಂಬ ಜಂಬ ಬೇಕಾದಷ್ಟಿತ್ತು. ಅದನ್ನು ಇಳಿಸಿದವನು ಹದಿನೆಂಟನೇ ಶತಮಾನದ ಈಸ್ಟ್ ಇಂಡಿಯಾ ಕುಂಪಣಿಯ ಒಬ್ಬ ಕ್ಯಾಪ್ಟನ್.

ಹೆಡತಲೆ ಕಡೆಯ ಒಂದು ಹಳ್ಳಿಯಲ್ಲಿ ಪುಟ್ಟತಾಯಮ್ಮ ಎಂಬ ವಿಧವೆಗೆ ಒಂದೂವರೆ ಎಕರೆ ಜಮೀನಿತ್ತು. ಹಿಂದಿನ ವರ್ಷ ಅದಕ್ಕೆ ಹದ್ದುಬಸ್ತು ಮಾಡಿ ಗಡಿ ಗುರುತಿಸಿದವನು ನಾನೇ. ಮೂಲೆಯಲ್ಲಿ ಸುಣ್ಣ ಬಳಿದ ಕಲ್ಲೊಂದು ನಿಂತಿತ್ತು. ಆ ಊರಲ್ಲಿ ಉಳುಮೆಗೆ ಮುನ್ನ ಬಾಂದುಕಲ್ಲಿಗೆ, ಅಂದರೆ ಗಡಿಕಲ್ಲಿಗೆ, ಸುಣ್ಣ ಬಳಿದು ಪೂಜೆ ಮಾಡುತ್ತಾರೆ. ಹಿಂದೆಮುಂದೆ ನೋಡದೆ ಅಲ್ಲಿಂದಲೇ ಅಳತೆ ಸರಪಳಿ ಎಳೆದೆ. ಆಕೆಯ ಬೋರ್‌ವೆಲ್ ಪಕ್ಕದ ಮಹದೇವಪ್ಪನ ಪಾಲಾಯಿತು. ನೀರು ಹೋದರೆ ಬೇಸಾಯವೇ ಹೋದಂತೆ. ಆತ ಬೇಲಿಗೆ ಕಂಬ ನೆಡುತ್ತಿದ್ದಂತೆ ಆಕೆ ಮರು ಅಳತೆಗೆ ಅರ್ಜಿ ಹಾಕಿದರು.

ಸಿಟ್ಟಿನಲ್ಲೇ ಹೋದೆ. “ಬಾಂದುಕಲ್ಲು ಸುಳ್ಳು ಹೇಳುತ್ತೇನಮ್ಮ?” ಎಂದೆ.

“ಅದು ಬಾಂದ್ಕಲ್ಲು ಅಂತ ಯಾರ್ ಏಳುದ್ರು ಸಾ? ಅದು ದೊರೆ ಕಲ್ಲು. ಕೆಳಗೆ ಯಾರೋ ದೊರೆ ಮಲಗವ್ನೆ ಅಂತ ನಮ್ಮತ್ತೆ ಕಾಲ್ದಿಂದ್ಲೂ ಸುಣ್ಣ ಬಳೀತೀವಿ. ನೀವು ಕೇಳಿದ್ರೆ ತಾನೆ?”

ಕುಡುಗೋಲಿನಿಂದ ಸುಣ್ಣ ಕೆರೆದೆ. ಒಳಗೆ ಇಂಗ್ಲಿಷ್ ಅಕ್ಷರ! ಹೆಸರಿದ್ದ ಕಡೆ ಚಕ್ಕೆ ಎದ್ದುಹೋಗಿತ್ತು, ನೌಕರಿಯ ವಿವರ ಮಾತ್ರ ಉಳಿದಿತ್ತು. ಹದಿನಾರನೇ ವಯಸ್ಸಿಗೆ ಕುಂಪಣಿ ಸೈನ್ಯದಲ್ಲಿ ಕೆಡೆಟ್, ಮದರಾಸಿನಲ್ಲಿ ಲೆಫ್ಟಿನೆಂಟ್, ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಕ್ಯಾಪ್ಟನ್, ಕೊನೆಗೆ ಇಲ್ಲಿ ಜ್ವರ ಬಂದು ಸಾವು. ಒಟ್ಟು ಇಪ್ಪತ್ತೆರಡು ವರ್ಷದ ಸರ್ವಿಸ್. ಬಾಂದುಕಲ್ಲಿನ ತಲೆಯ ಮೇಲೆ ಕೆತ್ತಿರಬೇಕಾದ ಪ್ಲಸ್ ಗುರುತು ಎಲ್ಲೂ ಇರಲಿಲ್ಲ. ನಾನು ಅಳತೆ ಶುರುಮಾಡಿದ್ದು ಸಮಾಧಿಯಿಂದ.

ಹಳೆಯ ಅಳತೆ ನಕ್ಷೆ ಹಿಡಿದು ಮಿಕ್ಕ ಮೂರು ಮೂಲೆಗಳಿಂದ ಅಳೆದೆ. ದೊರೆ ಕಲ್ಲಿನಿಂದ ಮೂವತ್ತು ಅಡಿ ಆಚೆ ಬದು ಅಗೆಸಿದಾಗ ಹಾರೆಗೆ ಕಲ್ಲು ತಾಗಿತು. ಮಣ್ಣು ಒರೆಸಿದರೆ ಪ್ಲಸ್ ಗುರುತು! ಬೋರ್‌ವೆಲ್ ನಿಜವಾದ ಗಡಿಯಿಂದ ಹದಿನೆಂಟು ಅಡಿ ಒಳಗೆ, ಪುಟ್ಟತಾಯಮ್ಮನ ಜಮೀನಿನಲ್ಲೇ ಇತ್ತು.

“ಓದ್ವರ್ಸ ಸೈನ್ ಆಕ್ದೋರೂ ನೀವೇ ಅಲ್ವಾ ಸಾ?” ಎಂದ ಮಹದೇವಪ್ಪ.

“ಹೌದು, ತಪ್ಪು ನನ್ನದೇ” ಎಂದು ಸಾಕ್ಷಿಗೆ ಬಂದಿದ್ದ ಪಂಚರ ಮುಂದೆ ಹೇಳಿ, ಮಹಜರಿನಲ್ಲೂ ಹಾಗೆಯೇ ಬರೆದೆ. ಮಹದೇವಪ್ಪ ತಾನೇ ಹೋಗಿ ಕಂಬ ಕಿತ್ತ. ಪುಟ್ಟತಾಯಮ್ಮ ಅಲ್ಲೇ ಮೋಟಾರ್ ಹಾಕಿದರು, ಗದ್ದೆಗೆ ನೀರು ಹರಿಯಿತು. ಪ್ರಮೋಷನ್ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಅಲ್ಲಿಯವರೆಗೆ ಯಾವ ಜಮೀನಿಗೆ ಹೋದರೂ ಮೊದಲು ಕಾಗದ ಬಿಚ್ಚುತ್ತಿದ್ದೆ. ಅಂದಿನಿಂದ ಮೊದಲು ಉಳುವವರನ್ನು ಕೇಳತೊಡಗಿದೆ.