ಅಮ್ಮನ ಮಂಚದಿಂದ ಹದಿನೈದು ಅಡಿ ಹಿಂದೆ

ನನ್ನ ಅಕ್ಕನ ಗಂಡ ಕೊಬ್ಬರಿ ವ್ಯಾಪಾರಿ. ಹಳೆಯ ಮಿನಿಬಸ್ಸೊಂದನ್ನು ಕೊಂಡು, ಸೀಟುಗಳನ್ನು ಕಿತ್ತು, ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಇಡಿಸಿ ಅದನ್ನು ಮನೆಯಂತೆ ಮಾಡಿಕೊಂಡಿದ್ದರು. ಸೊಂಟದ ಆಪರೇಷನ್ ಆದ ಮೇಲೆ ಕೂತು ಪ್ರಯಾಣ ಮಾಡಲಾಗದ ಅಮ್ಮನಿಗೆ ಅದು ಅನುಕೂಲವಾಯಿತು. ಹಿಂಬಾಗಿಲಿಗೆ ಅಡ್ಡಲಾಗಿದ್ದ ಆ ಮಂಚದ ಮೇಲೆ ಮಲಗಿಯೇ ಅವಳು ತಿಪಟೂರಿನಿಂದ ಸಂಪಿಗೆ ಎಂಬ ಊರಿನ ದೇವಸ್ಥಾನಕ್ಕೆ ಬಂದಿದ್ದಳು. ನಾನು ನನ್ನ ಹಳೆಯ ಕಾರಿನಲ್ಲಿ ಹಿಂದೆ ಬಂದಿದ್ದೆ. ದರ್ಶನ ಮುಗಿಸಿ ಹೊರಡುವಾಗ ಕಾರು ಸ್ಟಾರ್ಟ್ ಆಗಲೇ ಇಲ್ಲ.

"ಬಸ್ಸಿಗೆ ಕಟ್ಟಿ ಎಳ್ಕೊಂಡ್ ಹೋದ್ರಾಯ್ತು ಬುಡು," ಎಂದರು ಭಾವ.

ಬಸ್ಸಿನ ಡಿಕ್ಕಿಯಿಂದ ಅವರು ತೆಗೆದದ್ದು ಲಾರಿಯ ಮೇಲೆ ಕೊಬ್ಬರಿ ಮೂಟೆಗಳನ್ನು ಬಿಗಿಯುವ ನಾರಿನ ಹಗ್ಗ. ಎರಡು ಮಡಿಕೆ ಮಾಡಿ, ಲೋಡಿಗೆ ಹಾಕುವ ಗಂಟನ್ನೇ ಹಾಕಿದರು. ನಮ್ಮ ಕಡೆ ಆ ಗಂಟು ಎಲ್ಲರ ಕೈಗೂ ಬರುತ್ತದೆ. ಎಳೆದಷ್ಟೂ ಬಿಗಿಯಾಗುತ್ತದೆ.

"ಎಳೀದೇ ಇದ್ದಾಗ ಏನಾಗುತ್ತೆ ಭಾವ?"

"ಡೆಲ್ಲಿಗಂಟ ಲೋಡು ತಡ್ಕೊಂಡ್ ಹೋಗೋ ಹಗ್ಗ ಕಣಪ್ಪ, ನಿನ್ ಡಬ್ಬ ತಡ್ಕಳಲ್ವಾ? ಓದಿರೋರ್ ಕಥೆನೇ ಇಷ್ಟು, ಹಗ್ಗಕ್ಕೂ ಪ್ರಶ್ನೆಪತ್ರಿಕೆ ಕೊಡ್ತಾರೆ!"

ಅಕ್ಕ ಮುಂದಿನ ಸೀಟಿನಲ್ಲಿ ಕೂತು ನಕ್ಕಳು. ನಾನೂ ನಕ್ಕಿರಬೇಕು. ಆ ಗಂಟನ್ನು ನಾನೇ ಎಳೆದು ಪರೀಕ್ಷಿಸಿದ್ದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ಆ ನಂಬಿಕೆ ಇಲ್ಲ. ಕೀ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಇಂಜಿನ್ನೇ ಓಡದ ಮೇಲೆ ಕೀ ಯಾಕೆಂದು ಭಾವ ಅದನ್ನು ಕಿತ್ತುಕೊಳ್ಳಲು ಬಂದಾಗ, ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ ಎಂದು ಕೂಗಿ ಅವರ ಕೈ ಹಿಡಿದಿದ್ದೆ.

ಹೊರಟೆವು. ನನ್ನ ಮುಂದೆ ಹದಿನೈದು ಅಡಿ ಹಗ್ಗ, ಅದರಾಚೆ ಹಿಂಬಾಗಿಲಿನ ಗಾಜು, ಗಾಜಿನೊಳಗೆ ಅಮ್ಮನ ನೆರೆತ ತಲೆ. ಸಮತಟ್ಟಾದ ರಸ್ತೆಯಲ್ಲಿ ಎಲ್ಲ ಸರಿಯಿತ್ತು. ಮೊದಲ ಇಳಿಜಾರಿನಲ್ಲಿ ಹಗ್ಗ ಜೋತುಬಿದ್ದು ರಸ್ತೆಗೆ ತಾಗಿತು, ಬಸ್ಸಿನ ಹಿಂಭಾಗ ಹತ್ತಿರ ಬಂತು. ಬ್ರೇಕ್ ಒತ್ತಿದೆ. ಹಗ್ಗ ಫಟ್ಟನೆ ಬಿಗಿದು ಬಸ್ಸು ಜಗ್ಗಿತು. ಅಮ್ಮನ ತಲೆ ದಿಂಬಿನಿಂದ ಎದ್ದು ಬಿತ್ತು.

ಬ್ರೇಕ್ ಒತ್ತಿದರೆ ಅವಳ ಸೊಂಟಕ್ಕೆ ಪೆಟ್ಟು. ಒತ್ತದಿದ್ದರೆ ನಾನೇ ಅವಳ ಮಂಚಕ್ಕೆ ನುಗ್ಗುತ್ತೇನೆ. ಹಾರ್ನ್ ಬಾರಿಸಿದೆ. ಭಾವ ಕಿಟಕಿಯಿಂದ ಕೈ ಹೊರಹಾಕಿ, 'ಬಾ ಬಾ' ಎಂಬಂತೆ ಬೀಸಿದರು. ಇಂಜಿನ್ ಓಡದ ಕಾರಿನ ಬ್ರೇಕು ಒಂದೆರಡು ಸಲ ಮಾತು ಕೇಳುತ್ತದೆ, ಆಮೇಲೆ ಪೆಡಲು ಕಲ್ಲಾಗುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಾರಿನಲ್ಲಿ ಕೂತಿದ್ದೆ.

ಕೆರೆ ಏರಿಯಿಂದ ಇಳಿಯುವಲ್ಲಿ ಹಗ್ಗ ಮತ್ತೆ ಜೋತಿತು. ಲಾರಿಯ ಮೇಲಿನ ಹಗ್ಗ ಒಮ್ಮೆ ಬಿಗಿದರೆ ಊರು ಸೇರುವವರೆಗೆ ಸಡಿಲವಾಗುವುದಿಲ್ಲ. ಆ ಗಂಟು ಹುಟ್ಟಿದ್ದೇ ಅದಕ್ಕೆ. ನಮ್ಮದು ಬಿಗಿದು, ಸಡಿಲಿ, ಬಿಗಿದು, ಕೊನೆಗೆ ಬಿಚ್ಚಿಕೊಂಡಿತು. ಹಗ್ಗದ ತುದಿ ಬಸ್ಸಿನ ಹಿಂದೆ ಹಾವಿನಂತೆ ಹರಿದುಹೋಯಿತು. ಅದೇ ಹೊತ್ತಿಗೆ ಏನೋ ಅಡ್ಡ ಬಂದು ಭಾವ ವೇಗ ತಗ್ಗಿಸಿದರು. ಎರಡೂ ಪಾದ ಪೆಡಲಿನ ಮೇಲಿಟ್ಟು ತುಳಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಗಾಜು ದೊಡ್ಡದಾಗುತ್ತ ಬಂತು. ಅಮ್ಮ ನನ್ನ ಕಡೆಗೇ ಮುಖ ಮಾಡಿ, ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದಿದ್ದಳು, ನನ್ನನ್ನು ಕೈಯಿಂದಲೇ ತಡೆಯುವವಳಂತೆ.

ಕಾರು ನಿಂತಿತು. ಗೇಣು ಅಂತರ ಉಳಿದಿತ್ತು ಎಂದು ನಾನು ಹೇಳುತ್ತೇನೆ. ಆರಡಿ ಇತ್ತು ಎನ್ನುತ್ತಾರೆ ಭಾವ. ಗಾಜಿಗೆ ಕೈ ಇಟ್ಟೇ ಇರಲಿಲ್ಲ ಎನ್ನುತ್ತಾಳೆ ಅಮ್ಮ. ಯಾರ ಮಾತನ್ನು ನಂಬಲಿ?

ನಾನು ಕಾರಿನಿಂದ ಇಳಿದೆ. ಭಾವ ಹಗ್ಗ ಸುತ್ತಿಕೊಂಡು ಬಂದು, "ಇನ್ನೊಂದ್ ಸುತ್ ಹಾಕಿದ್ರೆ ಸರಿಹೋಯ್ತದೆ," ಎಂದರು. ಈಗ ಅವರ ದನಿಯಲ್ಲಿ ನಗೆ ಇರಲಿಲ್ಲ.

"ಅಮ್ಮನ್ನ ಮುಂದೆ ಹಾಸಿ ಮಲಗಿಸಿ. ಆಮೇಲೆ ನೋಡೋಣ," ಎಂದೆ.

ಒಳಗಿನಿಂದ ಅಮ್ಮ ಕೂಗಿದಳು: "ನಾನ್ ಇಲ್ಲಿಂದ ಏಳಾಕಿಲ್ಲ. ಮುಂದ್ಗಡೆ ಹೋದ್ರೆ ನೀನ್ ಹಿಂದೆ ಬತ್ತಾ ಇದ್ಯೋ ಇಲ್ವೋ ಯಾರ್ಲಾ ನೋಡ್ತಾರೆ?"

ದೇವಸ್ಥಾನದಿಂದ ಅಲ್ಲಿಯವರೆಗೆ ಅವಳು ಕಣ್ಣು ಮುಚ್ಚಿರಲಿಲ್ಲವಂತೆ. ಅಕ್ಕ ಹೇಳಿದಳು.

ರಸ್ತೆ ಪಕ್ಕದ ತೋಟದವರನ್ನು ಕೇಳಿ ಕಾರನ್ನು ಅವರ ಗೇಟಿನೊಳಗೆ ತಳ್ಳಿ ನಿಲ್ಲಿಸಿದೆವು. ಅದನ್ನು ಎತ್ತಿಕೊಂಡು ಹೋಗುವ ಗಾಡಿ ಮರುದಿನ ಬರಲಿ ಎಂದೆ. ಭಾವ ಹಗ್ಗವನ್ನು ಬಸ್ಸಿನೊಳಗೆ ಎಸೆದರು.

ನಾನು ಅಮ್ಮನ ಮಂಚದ ಅಂಚಿಗೆ ಕೂತೆ. ಹಿಂದೆ ಖಾಲಿ ರಸ್ತೆ ಸರಿಯುತ್ತಿತ್ತು. ಮುಂದಿನ ಇಳಿಜಾರು ಬಂದಾಗ ನನ್ನ ಎರಡೂ ಪಾದಗಳು ತಾವಾಗಿಯೇ ಬಸ್ಸಿನ ನೆಲವನ್ನು ಒತ್ತಿ ಹಿಡಿದವು. ಅಮ್ಮ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಅಲ್ಲಿ ಬ್ರೇಕ್ ಇಲ್ಲ ಕಣ್ಲಾ," ಎಂದಳು. "ಕಾಲ್ ಬುಡು."