ಜಿನಮತಿ ಆಯಿಯ ಬೆಲ್ಲದ ನೇಮ

ಐನಾಪುರದ ಜಿನಮತಿ ಆಯಿ ಬೆಲ್ಲ ಬಿಟ್ಟು ಹನ್ನೊಂದು ವರ್ಷವಾಗಿತ್ತು. ದೂರದ ಉತ್ತರದಲ್ಲಿ ಗುಡ್ಡದ ಮೇಲಿರುವ ಜೈನ ಕ್ಷೇತ್ರ ಸಮ್ಮೇದ ಶಿಖರಜಿಯ ದರ್ಶನವಾಗುವವರೆಗೆ ಬೆಲ್ಲ ಮುಟ್ಟುವುದಿಲ್ಲ ಎಂದು, ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಎದುರು ನೇಮ ಹಿಡಿದಿದ್ದಳು. ಸ್ವಂತ ಕಬ್ಬಿನ ಗಾಣ ಇರುವ ಮನೆಯಲ್ಲಿ ಇದೇನು ಆಟವಲ್ಲ. ಮನೆಯವರೆಲ್ಲ ಹೋಳಿಗೆ ಉಣ್ಣುವ ದಿನ ಆಯಿ ತನಗೊಂದು ಬರೀ ಚಪಾತಿ ಮಾಡಿಕೊಳ್ಳುತ್ತಿದ್ದಳು. ಮದುವೆ ಪಂಕ್ತಿಯಲ್ಲಿ ಯಾರಾದರೂ ಅವಳು ಸಿಹಿ ಮುಟ್ಟದ್ದನ್ನು ಕಂಡು, ಮಗ ಇನ್ನೂ ಯಾತ್ರೆಗೆ ಕರೆದುಕೊಂಡು ಹೋಗಿಲ್ಲವೇ ಎಂದು ಕೇಳೇ ಕೇಳುತ್ತಿದ್ದರು. ಮಗ ಅಭಿನಂದನ ಮುಖ ತಿರುಗಿಸುತ್ತಿದ್ದ.

ಇಪ್ಪತ್ತು ಎಕರೆ ಕಬ್ಬಿನ ಧಣಿ ಅವನು. ಹೆಂಡತಿ ಶೈಲಾಳ ಜೊತೆ ಗೋವಾಕ್ಕೆ ಹೋಗಲು ಪುರುಸೊತ್ತಿತ್ತು, ಕುಲು ಮನಾಲಿಗೂ ಇತ್ತು. ತಾಯಿಯ ಮಾತು ಬಂದಾಗ ಮಾತ್ರ ಕಬ್ಬು ಕಟಾವಿಗೆ ಬರುತ್ತಿತ್ತು, ಇಲ್ಲವೆ ಸೊಸೈಟಿ ಚುನಾವಣೆ ಬರುತ್ತಿತ್ತು. ಅಷ್ಟರಲ್ಲಿ ಆಯಿಯ ಮೊಣಕಾಲು ಹೋದವು. ಈಗ ಅದೇ ಒಂದು ನೆಪವಾಯಿತು. ಗುಡ್ಡ ಹತ್ತಲಾರದವರನ್ನು ಡೋಲಿಯಲ್ಲಿ ಹೊತ್ತೊಯ್ಯುತ್ತಾರಪ್ಪ ಎಂದು, ಅವನ ಜೊತೆ ಶಾಲೆ ಕಲಿತ ನಾನೇ ಅವನಿಗೆ ಹೇಳಿದ್ದೆ. ಜಾಣ ಕಿವುಡನಿಗೆ ಎಷ್ಟು ಹೇಳಿದರೇನು?

ಹೋದ ಮಾಘದಲ್ಲಿ ಅವನಿಂದ ನನಗೆ ಫೋನು ಬಂತು. ಇಡೀ ಶಿಖರಜಿಯನ್ನು ಕಂಪ್ಯೂಟರಿನಲ್ಲೇ ಸುತ್ತಾಡಿ ನೋಡಬಹುದಂತೆ, ಮೊಬೈಲಿನಲ್ಲಿ ಅವ್ವನ ಕಣ್ಣಿಗೆ ಕಾಣುವುದಿಲ್ಲ, ಮನೆಯ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ, ಬಾ ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಬೈದುಕೊಂಡೇ ಹೋದೆ. ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು.

ಆಯಿ ಬೆಳಿಗ್ಗೆಯಿಂದ ಉಪವಾಸವಿದ್ದು, ಬಿಳಿ ಸೀರೆ ಉಟ್ಟು, ಮುಷ್ಟಿಯಲ್ಲಿ ಅಕ್ಕಿ ಹಿಡಿದು ಚಾಪೆಯ ಮೇಲೆ ಕೂತಿದ್ದಳು. ದರ್ಶನವಾದ ಮೇಲೆಯೇ ಊಟ ಎಂದು ಮಗ ಹೇಳಿದ್ದನಂತೆ. ಓಣಿಯ ಹತ್ತು ಮಂದಿಯನ್ನೂ ಕರೆಸಿದ್ದ. ಪರದೆಯ ಮೇಲೆ ಕಪ್ಪು ಚೌಕ, ನಡುವೆ ಸುತ್ತುವ ಉಂಗುರ, ಅಷ್ಟೆ. ಮೊದಲು ನೆಟ್ಟಿನ ಮೇಲೆ ಅನುಮಾನಪಟ್ಟು ನನ್ನ ಮೊಬೈಲಿನಿಂದ ಕೊಟ್ಟು ನೋಡಿದೆ. ಅದೇ ಉಂಗುರ. ಬ್ರೌಸರ್ ಓಬೀರಾಯನ ಕಾಲದ್ದಾಗಿತ್ತು, ಹೊಸದನ್ನು ಹಾಕಿದೆ. ಆಗಲೂ ಜಪ್ಪಯ್ಯ ಅನ್ನಲಿಲ್ಲ.

ಆಯಿ ಮೆಲ್ಲಗೆ ಅಂದಳು: "ಆಗದಿದ್ರ ಬಿಡಪಾ ವೃಷಭಾ. ಜುಲುಮಿ ಬ್ಯಾಡ."

ನನಗೆ ತೊಂದರೆಯಾಗುತ್ತದೆಂದು ಹೇಳುತ್ತಿದ್ದಾಳೆ ಎಂದುಕೊಂಡೆ. ಮತ್ತೆರಡು ಸಲ ಅದನ್ನೇ ಹೇಳಿದಳು. ನಾನೋ ಹೊರಗಿನ ಬಿಸಿಲು ನೋಡುತ್ತಿದ್ದೆ. ಹೊತ್ತು ಮುಳುಗಿದರೆ ನಮ್ಮ ಜೈನರಲ್ಲಿ ಉಣ್ಣುವಂತಿಲ್ಲ, ಆಯಿಯಂತೂ ನೀರನ್ನೂ ಮುಟ್ಟುವುದಿಲ್ಲ. ಮುದುಕಿ ರಾತ್ರಿಯೂ ಹಸಿದಿರಬಾರದೆಂದು ಹಟ ಹಿಡಿದೆ. ಕೊನೆಗೆ ತಪ್ಪು ಸಿಕ್ಕಿತು. ಯಾರೋ ವಿಂಡೋಸ್ ಮತ್ತೆ ಹಾಕುವಾಗ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಹಾಕಿರಲೇ ಇಲ್ಲ. ಪೆನ್‌ಡ್ರೈವಿನಿಂದ ಅದನ್ನು ಹಾಕಿ, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ.

ಗುಡ್ಡ ತೆರೆದುಕೊಂಡಿತು. ಮೌಸ್ ಎಳೆದಂತೆ ಮೆಟ್ಟಿಲು, ಮಂಜು, ಶಿಖರದ ಮೇಲಿನ ಒಂದೊಂದೇ ಟೋಂಕಿನ ಪುಟ್ಟ ಗುಡಿ, ಒಳಗೆ ತೀರ್ಥಂಕರರ ಪಾದ. ಪಾರ್ಶ್ವನಾಥರ ಪಾದ ಕಂಡಾಗ ಆಯಿ ಪರದೆಗೆ ಅಕ್ಕಿ ಏರಿಸಿದಳು. ಅದು ಕೀಬೋರ್ಡಿನ ಸಂದಿಗೆಲ್ಲ ಬಿತ್ತು. ಯಾರೋ ನಕ್ಕರು. ನನಗೆ ಸಿಟ್ಟು ಬಂತು.

ಅಭಿನಂದನ ತಡ ಮಾಡಲಿಲ್ಲ. ಬೆಲ್ಲದ ಚೂರನ್ನು ತಾಯಿಯ ಬಾಯಿಗಿಟ್ಟ, ಶೈಲಾ ಫೋಟೋ ಹೊಡೆದಳು. ಮಂದಿಯ ಎದುರು ಮಗ ಇಟ್ಟ ತುತ್ತನ್ನು ಉಗುಳುವ ಸ್ವಭಾವ ಆಯಿಯದಲ್ಲ. ಅವಳು ಅದನ್ನು ನುಂಗುವ ಮೊದಲೇ ಬಸದಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಹೋಯಿತು: ಅವ್ವನ ನೇಮ ಪೂರ್ತಿಯಾಯಿತು. ಸಾಲುಸಾಲಾಗಿ ಕೈ ಮುಗಿದ ಚಿತ್ರಗಳು ಬಂದವು. ಮಂದಿ ಚಹಾ ಕುಡಿದು ಎದ್ದರು.

ನಾನು ಕೀಬೋರ್ಡ್ ತಿರುವಿ ಹಿಡಿದು ಅಕ್ಕಿ ಉದುರಿಸುತ್ತಿದ್ದೆ. ಆಯಿ ಹತ್ತಿರ ಸರಿದು, ಮಗನಿಗೆ ಕೇಳಿಸದಂತೆ ಹೇಳಿದಳು:

"ನಾ ಬೆಲ್ಲ ತಿನ್ನದ್ದು ಕಂಡು ಮಂದಿ ಅವನ್ನ ಕೇಳತಿದ್ರೋ ತಮ್ಮಾ. ಎಂದಾದ್ರೂ ಒಂದಿನ ನಾಚಿ ಕರ್ಕೊಂಡ ಹೋಗ್ತಾನಂತ ಇದ್ದೆ. ನಾಳಿಂದ ಯಾರೂ ಕೇಳಂಗಿಲ್ಲ. ನೀ ಯಾಕ ಸರಿ ಮಾಡಿದಿ?"